ಒಂದೇ ದಿನದಲ್ಲಿ ಹದಿನೈದು ಆಲ್ಬಂ

ಅಮೆರಿಕದ ಆರ್.ಇ.ಎಂ. ಎಂಬ ರಾಕ್ ತಂಡ ತನ್ನ ಮೂವತ್ತೊಂದು ವರ್ಷಗಳ ಬಾಳಿನಲ್ಲಿ ಹೊರತಂದ ಸ್ಟುಡಿಯೊ ಆಲ್ಬಂಗಳು ಹದಿನೈದು. ಮೊದಲನೆಯದು 1983ರ ‘ಮರ್ಮರ್’, ಕಡೆಯದು 2011ರ ‘ಕೊಲ್ಯಾಪ್ಸ್ ಇಂಟು ನೌ’. ಒಂದರ ಬೆನ್ನಿಗೆ ಒಂದನ್ನು ಕೇಳುತ್ತ ಹೋದರೆ ಎಲ್ಲವೂ ಸೇರಿ ಹನ್ನೆರಡು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತವೆ ಎಂದು ಲೆಕ್ಕ ಹಾಕಿದ ಮೇಲೆ, ರಜೆಯ ದಿನವೊಂದನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟೆ. ಈ ತಂಡದ ಹಾಡುಗಳು ನನಗೆ ಹೊಸವಲ್ಲ. ಆದರೆ ನಾನು ಅವನ್ನು ಕೇಳುತ್ತ ಬಂದದ್ದು ಬಿಡಿಬಿಡಿಯಾಗಿ. 1992ರ ಆಲ್ಬಂನಿಂದ ಶುರುಮಾಡಿ, ಅಲ್ಲಿಂದ ಹಿಂದಕ್ಕೆ ಎಂಬತ್ತರ ದಶಕಕ್ಕೆ ಹೋಗಿ, ಆಮೇಲಿನ ಕೆಲವನ್ನು ಅರ್ಧಂಬರ್ಧ ಕೇಳಿ ಕೈಬಿಟ್ಟಿದ್ದೆ. ಬಿಡುಗಡೆಯಾದ ಕ್ರಮದಲ್ಲೇ, ಒಂದು ಹಾಡನ್ನೂ ದಾಟಿಸದೆ ಕೇಳಬೇಕು ಎಂಬುದೊಂದೇ ಆ ದಿನಕ್ಕೆ ಹಾಕಿಕೊಂಡ ನಿಯಮ. ಸಂಕಲನಗಳನ್ನೂ ಕಛೇರಿಗಳ ನೇರ ರೆಕಾರ್ಡಿಂಗ್‌ಗಳನ್ನೂ ಹೊರಗಿಟ್ಟೆ.

ಬೆಳಕು ಹರಿಯುವ ಮುಂಚೆಯೇ ಹೆಡ್‌ಫೋನ್ ಹಾಕಿಕೊಂಡು ಕುಳಿತಾಗ ಕಿವಿಗೆ ಬಿದ್ದ ‘ಮರ್ಮರ್’ ಎಂದಿನಂತೆ ಮಬ್ಬಾಗಿಯೇ ಇತ್ತು. ಜಾರ್ಜಿಯಾ ರಾಜ್ಯದ ಅಥೆನ್ಸ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ 1980ರಲ್ಲಿ ಕೂಡಿಕೊಂಡ ನಾಲ್ವರು ಇವರು: ಗಾಯಕ ಮೈಕೆಲ್ ಸ್ಟೈಪ್, ಗಿಟಾರ್ ನುಡಿಸುವ ಪೀಟರ್ ಬಕ್, ಬಾಸ್ ಹಿಡಿದ ಮೈಕ್ ಮಿಲ್ಸ್, ಡ್ರಮ್ಸ್ ಮುಂದೆ ಕುಳಿತ ಬಿಲ್ ಬೆರಿ. ರೆಕಾರ್ಡಿಂಗ್ ಕಂಪನಿ ಈ ಆಲ್ಬಂಗಾಗಿ ಮೊದಲು ಗೊತ್ತುಮಾಡಿದ ನಿರ್ಮಾಪಕರೊಂದಿಗೆ ಇವರಿಗೆ ಹೊಂದಿಕೆ ಆಗಲಿಲ್ಲ. ಹಾಗಾಗಿ ತಮ್ಮ ಮೊದಲ ಹಾಡನ್ನು ತನ್ನ ತಂದೆತಾಯಿಯ ಮನೆಯ ಗ್ಯಾರೇಜಿನ ಸ್ಟುಡಿಯೊದಲ್ಲಿ ಮುದ್ರಿಸಿಕೊಟ್ಟಿದ್ದ ಮಿಚ್ ಈಸ್ಟರ್ ಬಳಿಗೇ ಮರಳಿದರು. ಈಸ್ಟರ್ ಮತ್ತು ಡಾನ್ ಡಿಕ್ಸನ್ ಜೋಡಿ ನಾರ್ತ್ ಕ್ಯಾರೊಲಿನಾದ ಶಾರ್ಲಟ್ ನಗರದಲ್ಲಿ ಇದನ್ನು ರೂಪಿಸಿತು. ಸ್ಟೈಪ್‌ನ ದನಿ ವಾದ್ಯಗಳ ಮೇಲೆ ನಿಂತಿಲ್ಲ, ಅವುಗಳ ನಡುವೆ ಸಿಕ್ಕಿಕೊಂಡಿದೆ. ಮಾತುಗಳ ಅಂಚು ಸವೆದುಹೋಗಿ ಸ್ವರಗಳಷ್ಟೇ ಉಳಿದಿವೆ. ಬಕ್ ತಂತಿಗಳನ್ನು ಒಟ್ಟಾಗಿ ಮೀಟದೆ ಒಂದೊಂದಾಗಿ ಬಿಡಿಸುತ್ತ ಹೋಗುತ್ತಾನೆ, ಮಿಲ್ಸ್‌ನ ಬಾಸ್ ಅದರ ಕೆಳಗೆ ತನ್ನದೇ ಒಂದು ರಾಗ ಕಟ್ಟುತ್ತದೆ. ರೋಲಿಂಗ್ ಸ್ಟೋನ್ ಪತ್ರಿಕೆ ಆ ವರ್ಷದ ಅತ್ಯುತ್ತಮ ಆಲ್ಬಂ ಎಂದು ಆರಿಸಿದ್ದು ಇದನ್ನೇ. ಅದೇ ವರ್ಷ ಮೈಕೆಲ್ ಜಾಕ್ಸನ್‌ನ ‘ಥ್ರಿಲ್ಲರ್’ ಜಗತ್ತನ್ನೇ ಆಳುತ್ತಿತ್ತು ಎಂಬುದನ್ನು ನೆನೆದರೆ ಆ ಆಯ್ಕೆಯ ಧೈರ್ಯ ಗೊತ್ತಾಗುತ್ತದೆ.

ಈ ಆಲ್ಬಂನ ‘ಪರ್ಫೆಕ್ಟ್ ಸರ್ಕಲ್’ ಬಂದಾಗ ನಾನು ತುಸು ನೆಟ್ಟಗೆ ಕುಳಿತೆ. ಪಿಯಾನೊ ಆಧರಿಸಿದ ಈ ನಿಧಾನದ ಹಾಡಿನ ಸಂಗೀತ ಬಹುಪಾಲು ಡ್ರಮ್ಸ್ ನುಡಿಸುವ ಬೆರಿಯದು. ಆದರೆ ಹಾಡಿನ ಕೆಳಗೆ ಅವನೊಬ್ಬನ ಹೆಸರಿಲ್ಲ. ತಂಡದ ಸ್ವಂತ ರಚನೆಗಳಿಗೆಲ್ಲ ನಾಲ್ವರ ಹೆಸರನ್ನೂ ಸಮನಾಗಿ ಹಾಕುವುದು ಅವರ ಪದ್ಧತಿಯಾಗಿತ್ತು. ಹಣವೂ ಹಾಗೆಯೇ ಹಂಚಿಕೆಯಾಗುತ್ತಿತ್ತು. ರಾಕ್ ತಂಡಗಳು ಒಡೆಯುವುದಕ್ಕೆ ಹೆಚ್ಚಾಗಿ ಕಾರಣವಾಗುವ ಜಗಳವನ್ನು ಹುಟ್ಟುವ ಮೊದಲೇ ತಪ್ಪಿಸಿದ ಈ ಏರ್ಪಾಟಿನಿಂದ ಇನ್ನೊಂದು ಪರಿಣಾಮವೂ ಆಯಿತು: ಯಾರು ಏನು ಮಾಡಿದರು ಎಂಬುದು ಕೇಳುವವರಿಗೆ ತಿಳಿಯದಂತಾಯಿತು. ಬೆರಿಯ ಪಾಲು ಎಷ್ಟಿತ್ತೆಂಬುದು ಅವನು ತಂಡ ಬಿಟ್ಟು ಹೋದ ಮೇಲೆಯೇ ಕಿವಿಗೆ ಬಡಿಯುವುದು, ಅದೂ ಹೀಗೆ ಕ್ರಮವಾಗಿ ಕೇಳಿದಾಗ ಮಾತ್ರ.

‘ರೆಕನಿಂಗ್’ ಚುರುಕಾಗಿ ಮುಗಿಯಿತು. 1985ರ ‘ಫೇಬಲ್ಸ್ ಆಫ್ ದ ರಿಕನ್‌ಸ್ಟ್ರಕ್ಷನ್’ ಅನ್ನು ಇವರು ಲಂಡನ್‌ಗೆ ಹೋಗಿ, ಜೋ ಬಾಯ್ಡ್ ಎಂಬ ನಿರ್ಮಾಪಕನ ಜೊತೆ ಚಳಿಗಾಲದ ಜಡಿಮಳೆಯಲ್ಲಿ ಮುದ್ರಿಸಿದರು. ತಂಡದ ಮನಸ್ಸು ಆಗ ಸರಿಯಿರಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಆದರೂ ಅಮೆರಿಕದ ದಕ್ಷಿಣದ ರೈಲುಗಳು, ವಿಕ್ಷಿಪ್ತ ಮುದುಕರು, ಹಳ್ಳಿಗಾಡಿನ ದಂತಕತೆಗಳು ತುಂಬಿರುವ ಈ ಆಲ್ಬಂ ನನಗೆ ಅದರ ಹಿಂದುಮುಂದಿನ ಎರಡಕ್ಕಿಂತಲೂ ಪ್ರಿಯ. ಮನೆಯಿಂದ ಅಷ್ಟು ದೂರ ಹೋದದ್ದರಿಂದಲೇ ಮನೆಯ ಸುತ್ತಲಿನ ನೆಲ ಅವರಿಗೆ ಅಷ್ಟು ದಟ್ಟವಾಗಿ ಕಂಡಿರಬೇಕು.

ಮುಂದಿನ ‘ಲೈಫ್ಸ್ ರಿಚ್ ಪೇಜೆಂಟ್’ ಶುರುವಾದ ಕೂಡಲೇ ಬಾಗಿಲು ತೆರೆದಂತಾಯಿತು. ಜಾನ್ ಮೆಲೆನ್‌ಕ್ಯಾಂಪ್‌ನ ಆಲ್ಬಂಗಳನ್ನು ನಿರ್ಮಿಸಿದ್ದ ಡಾನ್ ಗೇಮನ್ ಇಲ್ಲಿ ಸ್ಟೈಪ್‌ನಿಂದ ಮಾತುಗಳನ್ನು ಬಿಡಿಸಿ ಹೇಳಿಸಿದ್ದಾನೆ, ಡ್ರಮ್ಸ್‌ಗೆ ಎದೆಗೆ ತಾಗುವ ತೂಕ ಕೊಟ್ಟಿದ್ದಾನೆ. ‘ಫಾಲ್ ಆನ್ ಮಿ’ ಎಂಬ ಹಾಡಿನಲ್ಲಿ ಸ್ಟೈಪ್, ಮಿಲ್ಸ್, ಬೆರಿ ಮೂವರೂ ಹಾಡುತ್ತಾರೆ. ಒಬ್ಬನು ಮುಂದೆ, ಇಬ್ಬರು ಹಿಂದೆ ಎಂಬ ಜೋಡಣೆಯಲ್ಲ ಅದು. ಮೂರು ದನಿಗಳು ಮೂರು ಬೇರೆ ಸಾಲುಗಳನ್ನು ಹಿಡಿದು ಒಂದರ ತೆರಪನ್ನು ಇನ್ನೊಂದು ತುಂಬುತ್ತವೆ. ಹೆಡ್‌ಫೋನಿನಲ್ಲಿ ಒಂದೊಂದು ಸಲ ಒಂದೊಂದು ದನಿಯನ್ನೇ ಹಿಂಬಾಲಿಸಿಕೊಂಡು ಹೋಗಬಹುದು. ಈ ಹಾಡನ್ನು ಮತ್ತೆ ಹಾಕಬೇಕೆಂಬ ಆಸೆಯನ್ನು ನಿಯಮದ ನೆಪದಲ್ಲಿ ಅದುಮಿಕೊಂಡೆ.

1987ರ ‘ಡಾಕ್ಯುಮೆಂಟ್’ ಮೂಲಕ ಸ್ಕಾಟ್ ಲಿಟ್ ಎಂಬ ನಿರ್ಮಾಪಕ ಇವರ ಜೊತೆಗೂಡಿದ. ಅಲ್ಲಿಂದ ಆರು ಆಲ್ಬಂಗಳಲ್ಲಿ ಅವನ ಕೈಯಿದೆ. 1988ರಲ್ಲಿ ಸಣ್ಣ ಕಂಪನಿಯನ್ನು ಬಿಟ್ಟು ವಾರ್ನರ್ ಬ್ರದರ್ಸ್ ಸೇರಿದ ತಂಡ, ಅಮೆರಿಕದ ಅಧ್ಯಕ್ಷೀಯ ಚುನಾವಣೆ ನಡೆದ ನವೆಂಬರ್ 8ರಂದೇ ‘ಗ್ರೀನ್’ ಅನ್ನು ಬಿಡುಗಡೆ ಮಾಡಿತು. ದೊಡ್ಡ ಕಂಪನಿಗೆ ಹೋದರೆ ಹಾಡು ಕೆಡುತ್ತದೆ ಎಂಬ ಮಾತು ಮುಖ್ಯವಾಹಿನಿಯಿಂದ ದೂರ ನಿಂತ ಆಲ್ಟರ್ನೇಟಿವ್ ರಾಕ್ ವಲಯದಲ್ಲಿ ಮಂತ್ರದಂತೆ ಚಾಲ್ತಿಯಲ್ಲಿತ್ತು. ಇವರು ಅಲ್ಲಿಗೆ ಹೋಗಿ ಮಾಡಿದ್ದೇನೆಂದರೆ ವಾದ್ಯಗಳನ್ನು ಪರಸ್ಪರ ಬದಲಾಯಿಸಿಕೊಂಡದ್ದು. ಬಕ್ ಮ್ಯಾಂಡೊಲಿನ್ ಕೈಗೆತ್ತಿಕೊಂಡ. ಕೊನೆಯಲ್ಲಿರುವ ಹೆಸರಿಲ್ಲದ ಹಾಡಿನಲ್ಲಂತೂ ಡ್ರಮ್ಸ್ ಬಾರಿಸುತ್ತಿರುವವನು ಬೆರಿಯಲ್ಲ, ಬಕ್. ಬಾರಿಸುವುದರಲ್ಲಿ ಪಳಗಿದ ಕೈಯಲ್ಲ ಅದೆಂದು ಗೊತ್ತಾಗುತ್ತದೆ, ಆದರೆ ಹಾಡಿಗೆ ಅದೇ ಒಪ್ಪಿದೆ.

‘ಔಟ್ ಆಫ್ ಟೈಮ್’ ಮುಟ್ಟುವ ಹೊತ್ತಿಗೆ ಮಧ್ಯಾಹ್ನದ ಹತ್ತಿರ ಬಂದಿದ್ದೆ. 1991ರ ಈ ಆಲ್ಬಂ ತಂಡವನ್ನು ಜಗತ್ತಿನ ಮನೆಮನೆಗೆ ಒಯ್ದದ್ದು ಮ್ಯಾಂಡೊಲಿನ್ ಮೇಲೆ ನಿಂತ ‘ಲೂಸಿಂಗ್ ಮೈ ರಿಲಿಜನ್’ ಹಾಡಿನಿಂದ. ಅದರ ವಿಡಿಯೊ ನಿರ್ದೇಶಿಸಿದವನು ಭಾರತದಲ್ಲಿ ಹುಟ್ಟಿದ ತರ್ಸೇಮ್ ಸಿಂಗ್. ಎಲ್ಲರೂ ಬಲ್ಲ ಈ ಹಾಡಿನ ಬಗ್ಗೆ ಹೇಳಲು ನನ್ನ ಬಳಿ ಹೊಸದೇನೂ ಇಲ್ಲ. ‘ಶೈನಿ ಹ್ಯಾಪಿ ಪೀಪಲ್’ ಎಂಬ ಇನ್ನೊಂದು ಜನಪ್ರಿಯ ಹಾಡನ್ನು ಸಹಿಸಿಕೊಂಡೆ ಅಷ್ಟೆ. 2003ರಲ್ಲಿ ತಮ್ಮ ಹಾಡುಗಳ ಸಂಕಲನ ತಂದಾಗ ತಂಡದವರೇ ಅದನ್ನು ಕೈಬಿಟ್ಟಿದ್ದರಿಂದ ಈ ವಿಷಯದಲ್ಲಿ ನಾನು ಒಬ್ಬಂಟಿಯಲ್ಲ.

ಆಮೇಲೆ ಬಂದದ್ದು 1992ರ ‘ಆಟೋಮ್ಯಾಟಿಕ್ ಫಾರ್ ದ ಪೀಪಲ್’. ಗಟ್ಟಿದನಿಯ ಗಿಟಾರಿನ ಗ್ರಂಜ್ ಸಂಗೀತ ಎಲ್ಲೆಡೆ ಮೊಳಗುತ್ತಿದ್ದ ಕಾಲದಲ್ಲಿ ಇವರು ಸಾವು, ಮುಪ್ಪು, ನೆನಪುಗಳ ಸುತ್ತ ಮೆಲುದನಿಯ ಆಲ್ಬಂ ಮಾಡಿದರು. ಕೆಲವು ಹಾಡುಗಳಿಗೆ ಪಿಟೀಲು ಮೇಳದ ಸಂಯೋಜನೆ ಮಾಡಿಕೊಟ್ಟವನು ಲೆಡ್ ಜೆಪಲಿನ್ ತಂಡದ ಜಾನ್ ಪಾಲ್ ಜೋನ್ಸ್. ‘ನೈಟ್‌ಸ್ವಿಮಿಂಗ್’ ಹಾಡಿನಲ್ಲಿ ಮಿಲ್ಸ್‌ನ ಪಿಯಾನೊ ಒಂದೇ ಆವರ್ತವನ್ನು ಸುತ್ತುತ್ತಿರುತ್ತದೆ, ತಾಳವಾದ್ಯವೇ ಇಲ್ಲ. ‘ಎವ್ರಿಬಡಿ ಹರ್ಟ್ಸ್’ ಹಾಡಿನಲ್ಲಿ ತಾಳ ಹಿಡಿದಿರುವುದು ಒಂದು ಅಗ್ಗದ ಡ್ರಮ್ ಯಂತ್ರ. ಆ ಹಾಡಿನ ಸಂಗೀತದ ಮೂಲ ಕರ್ತೃ ಬೆರಿ. ತಾನೇ ಕಟ್ಟಿದ ಹಾಡಿನಲ್ಲಿ ತನ್ನ ಕೆಲಸವನ್ನು ಯಂತ್ರಕ್ಕೆ ಬಿಟ್ಟುಕೊಡುವಷ್ಟು ನಿರಾಳ ಈ ತಂಡದಲ್ಲಿತ್ತು. ಟಕ್ ಟಕ್ ಎಂದು ಏರಿಳಿತವಿಲ್ಲದೆ ಬೀಳುವ ಆ ಪೆಟ್ಟು ಹಾಡಿನ ಸಾಂತ್ವನದ ಮಾತಿಗೆ ಎಷ್ಟು ಹೊಂದುತ್ತದೆಂದರೆ, ಅಲ್ಲಿ ಮನುಷ್ಯನ ಕೈ ಇದ್ದಿದ್ದರೆ ಹಾಡು ಅತಿಭಾವುಕವಾಗಿಬಿಡುತ್ತಿತ್ತು ಎನಿಸುತ್ತದೆ.

‘ಮಾನ್‌ಸ್ಟರ್’ ಹಾಕಿದಾಗ ಹೆಡ್‌ಫೋನ್ ತೆಗೆದು ಸ್ಪೀಕರಿಗೆ ಬದಲಾಯಿಸಿದ್ದೆ. ತಂಗಿ ಬಂದು ಬಾಗಿಲಲ್ಲಿ ನಿಂತು, “ಅಕ್ಕಾ, ಬೆಳಗಿನಿಂದ ಕೇಳ್ತಿದ್ದೀಯಲ್ಲ, ಇದೂ ಅವರದ್ದೇನಾ?” ಎಂದಳು. ಹೌದೆಂದೆ. “ಹಾಗಾದ್ರೆ ಇವರಿಗೆ ಯಾರ ಮೇಲೋ ಸಿಟ್ಟು ಬಂದಿದೆ” ಎಂದು ಹೋದಳು. ಪೂರ್ತಿ ಸರಿಯಲ್ಲದಿದ್ದರೂ ಕೆಟ್ಟ ವಿಮರ್ಶೆಯೇನಲ್ಲ. 1994ರ ಈ ಆಲ್ಬಂ ಒರಟು ಗಿಟಾರಿನದು, ಅದರ ನಡುವೆ ‘ಲೆಟ್ ಮಿ ಇನ್’ ಇದೆ. ಆ ವರ್ಷದ ಏಪ್ರಿಲ್‌ನಲ್ಲಿ ತೀರಿಕೊಂಡ, ನಿರ್ವಾಣ ತಂಡದ ಗಾಯಕ ಕರ್ಟ್ ಕೊಬೇನ್‌ನನ್ನು ಕುರಿತ ಹಾಡು ಅದು, ಮಿಲ್ಸ್ ಅದರಲ್ಲಿ ನುಡಿಸಿದ್ದು ಕೊಬೇನ್‌ನದೇ ಗಿಟಾರನ್ನು. ಡ್ರಮ್ಸ್ ಬಹುಪಾಲು ದೂರವೇ ಉಳಿದು, ಗಿಟಾರಿನ ಮೊರೆತವೊಂದೇ ಕೋಣೆಯನ್ನು ತುಂಬುತ್ತದೆ.

ಈ ಆಲ್ಬಂ ಹಿಡಿದು ಹೊರಟ ಪ್ರವಾಸದಲ್ಲಿ, 1995ರ ಮಾರ್ಚ್ 1ರಂದು, ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ವೇದಿಕೆಯ ಮೇಲೆ ಬೆರಿ ಕುಸಿದ. ಮಿದುಳಿನ ರಕ್ತನಾಳ ಉಬ್ಬಿ ಒಡೆದಿತ್ತು. ಶಸ್ತ್ರಚಿಕಿತ್ಸೆಯಾಗಿ ಚೇತರಿಸಿಕೊಂಡ ಅವನು ಕೆಲವೇ ತಿಂಗಳುಗಳಲ್ಲಿ ಮರಳಿದ. ಅದೇ ಪ್ರವಾಸದಲ್ಲಿ, ಕಛೇರಿಗೆ ಮುಂಚಿನ ಶಬ್ದಪರೀಕ್ಷೆಯ ಹೊತ್ತಿನಲ್ಲಿ, ವೇದಿಕೆಯ ಮೇಲೆ, ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಮುದ್ರಿಸಿಕೊಂಡ ಹಾಡುಗಳೇ 1996ರ ‘ನ್ಯೂ ಅಡ್ವೆಂಚರ್ಸ್ ಇನ್ ಹೈ-ಫೈ’ ಆಲ್ಬಂನ ಬಹುಭಾಗ. ವಾರ್ನರ್ ಜೊತೆಗಿನ ಒಪ್ಪಂದ ಎಂಟು ಕೋಟಿ ಡಾಲರಿಗೆ ನವೀಕರಣಗೊಂಡಿತೆಂದು ಪತ್ರಿಕೆಗಳು ಬರೆದ ವರ್ಷದಲ್ಲೇ ಹೊರಬಂದ ಈ ಆಲ್ಬಂನಲ್ಲಿ ಸಿರಿವಂತಿಕೆಯ ಸದ್ದಿಲ್ಲ. ಖಾಲಿ ಸಭಾಂಗಣಗಳ ಗಾಳಿ ಡ್ರಮ್ಸಿನ ಸುತ್ತ ಕೇಳಿಸುತ್ತದೆ. ‘ಲೀವ್’ ಎಂಬ ಏಳು ನಿಮಿಷ ಮೀರಿದ ಹಾಡಿನಲ್ಲಿ ಸೈರನ್‌ನಂಥ ಕೂಗೊಂದು ಎಡೆಬಿಡದೆ ಸುತ್ತುತ್ತಿರುತ್ತದೆ, ಅದರ ಕೆಳಗೆ ಬೆರಿ ಒಂದಿಷ್ಟೂ ಗಡಿಬಿಡಿಯಿಲ್ಲದೆ ತಾಳ ನಡೆಸುತ್ತಾನೆ. ಹದಿನೈದರಲ್ಲಿ ನನಗೆ ಮಿಗಿಲಾದದ್ದು ಯಾವುದೆಂದು ಕೇಳಿದರೆ ಇದನ್ನೇ ತೋರಿಸುತ್ತೇನೆ. ‘ಮರ್ಮರ್’ನ ಮಬ್ಬು, ಎಂಬತ್ತರ ದಶಕದ ಕೊನೆಯ ಕಸುವು, 1992ರ ದುಗುಡ, 1994ರ ಒರಟುತನ ಎಲ್ಲವೂ ಇಲ್ಲಿ ಒಂದೇ ಛಾವಣಿಯಡಿ ಇವೆ.

1997ರ ಅಕ್ಟೋಬರ್‌ನಲ್ಲಿ ಬೆರಿ ತಂಡ ಬಿಟ್ಟ. ಮುನಿಸಿರಲಿಲ್ಲ; ತಾನು ಹೋಗುವುದರಿಂದ ತಂಡ ಒಡೆಯುವುದಾದರೆ ಹೋಗುವುದಿಲ್ಲ ಎಂದೂ ಹೇಳಿದ್ದ. ಉಳಿದ ಮೂವರು ಹೊಸ ಡ್ರಮ್ಮರ್‌ನನ್ನು ಸದಸ್ಯನಾಗಿ ಸೇರಿಸಿಕೊಳ್ಳಲಿಲ್ಲ. ಮರುವರ್ಷದ ‘ಅಪ್’ ಆಲ್ಬಂನ ಮೊದಲ ಹಾಡು ‘ಏರ್‌ಪೋರ್ಟ್‌ಮ್ಯಾನ್’ ಶುರುವಾಗುವುದು ಡ್ರಮ್ ಯಂತ್ರದ ಮಿಡಿತದಿಂದ, ಅದರ ಮೇಲೆ ಸ್ಟೈಪ್‌ನ ಪಿಸುದನಿ. ನಾನು ಇಡೀ ದಿನ ಕುಳಿತದ್ದಕ್ಕೆ ಸಿಕ್ಕ ಫಲ ಈ ಜಾಗದಲ್ಲಿತ್ತು. ಕೆಲವು ಗಂಟೆಗಳ ಹಿಂದೆ ‘ಎವ್ರಿಬಡಿ ಹರ್ಟ್ಸ್’ನಲ್ಲಿ ಕೇಳಿದ ಯಂತ್ರದ ಪೆಟ್ಟು ಇನ್ನೂ ಕಿವಿಯಲ್ಲಿತ್ತು. ಅಲ್ಲಿ ಡ್ರಮ್ಮರ್ ಇದ್ದೂ ಯಂತ್ರವನ್ನು ಆರಿಸಿಕೊಂಡಿದ್ದ. ಇಲ್ಲಿ ಖಾಲಿಯಾದ ಪೀಠದ ಮೇಲೆ ಯಂತ್ರವನ್ನು ಕೂರಿಸಲಾಗಿದೆ. ಬಿಡಿಬಿಡಿಯಾಗಿ ಕೇಳುತ್ತಿದ್ದಾಗ ‘ಅಪ್’ ನನಗೆ ಎಲೆಕ್ಟ್ರಾನಿಕ್ ಪ್ರಯೋಗವಾಗಿ ಕಂಡಿತ್ತು. ಸಾಲಿನಲ್ಲಿಟ್ಟು ಕೇಳಿದಾಗ, ತಾಳ ಮಾತ್ರವಲ್ಲ, ‘ಫಾಲ್ ಆನ್ ಮಿ’ಯ ಮೂರು ದನಿಗಳಲ್ಲಿ ಒಂದು, ಹಾಡನ್ನು ಎಲ್ಲಿ ಮುಗಿಸಬೇಕೆಂದು ಬಲ್ಲ ಒಂದು ವಿವೇಕ ಕಾಣೆಯಾಗಿರುವುದು ಗೊತ್ತಾಗುತ್ತದೆ. ಹಾಡುಗಳು ಉದ್ದವಾಗಿವೆ. ಇನ್ನೊಂದು ಬದಲಾವಣೆಯೂ ಇದೇ ಆಲ್ಬಂನಲ್ಲಾಯಿತು: ಹಿಂದೆ ‘ಗ್ರೀನ್’ನಲ್ಲಿ ಒಂದೇ ಒಂದು ಹಾಡಿನ ಸಾಹಿತ್ಯವನ್ನು ಅಚ್ಚು ಹಾಕಿದ್ದವರು ಈಗ ಎಲ್ಲ ಹಾಡುಗಳ ಸಾಹಿತ್ಯವನ್ನೂ ಅಚ್ಚು ಹಾಕಿದರು. ಗಾಯಕನ ಮಾತು ಪೂರ್ತಿ ಬೆಳಕಿಗೆ ಬರುವುದಕ್ಕೂ ವಾದ್ಯಗಳ ಮೈ ತೆಳ್ಳಗಾಗುವುದಕ್ಕೂ ಒಂದೇ ಮುಹೂರ್ತ ಕೂಡಿಬಂದಿತ್ತು.

ರಾತ್ರಿಯ ಭಾಗವನ್ನು ಚುಟುಕಾಗಿ ಹೇಳುತ್ತೇನೆ. 2001ರ ‘ರಿವೀಲ್’ ಹಿತವಾಗಿದೆ, ಬಿಸಿಲಿನ ಸೊಗಸಿದೆ. 2004ರ ‘ಅರೌಂಡ್ ದ ಸನ್’ ಬಳಲಿಸಿತು. ಒಂದೇ ನಡೆಯ ಹಾಡುಗಳು ಸಾಲಾಗಿ ಬರುತ್ತವೆ, ನಿಯಮ ಇಲ್ಲದಿದ್ದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದೆ. ಆ ಆಯಾಸ ತಂಡಕ್ಕೂ ತಟ್ಟಿರಬೇಕು. 2007ರಲ್ಲಿ ಡಬ್ಲಿನ್‌ನ ಒಲಿಂಪಿಯಾ ಥಿಯೇಟರಿನಲ್ಲಿ ಹೊಸ ಹಾಡುಗಳನ್ನು ಜನರ ಮುಂದೆಯೇ ತಾಲೀಮು ಮಾಡಿ, ಮರುವರ್ಷ ‘ಆಕ್ಸಲರೇಟ್’ ತಂದರು. ಅದರ ಒಟ್ಟು ಅವಧಿ ಮೂವತ್ತೈದು ನಿಮಿಷಕ್ಕೂ ಕಡಿಮೆ. ಕಛೇರಿಗಳಲ್ಲಿ ಜೊತೆಯಾಗಿದ್ದ ಬಿಲ್ ರೀಫ್ಲಿನ್ ಎಂಬ ಡ್ರಮ್ಮರ್ ಇದರಲ್ಲಿ ಗಟ್ಟಿಯಾಗಿ ಕೇಳಿಸುತ್ತಾನೆ, ಹಾಡುಗಳಿಗೆ ಮತ್ತೆ ಬೆನ್ನುಮೂಳೆ ಬಂದಿದೆ.

ಕಡೆಯ ಆಲ್ಬಂ 2011ರ ಮಾರ್ಚಿನಲ್ಲಿ ಬಂತು, ಸೆಪ್ಟೆಂಬರ್ 21ರಂದು ತಂಡ ವಿಸರ್ಜನೆಯಾಯಿತು. ಬೀಳ್ಕೊಡುಗೆಯ ಪ್ರವಾಸವೆಂದು ಊರೂರು ಸುತ್ತಲಿಲ್ಲ. ಕೊನೆಯ ಹಾಡು ‘ಬ್ಲೂ’ನಲ್ಲಿ ಗಾಯಕಿ ಪ್ಯಾಟಿ ಸ್ಮಿತ್ ದನಿಗೂಡಿಸಿದ್ದಾಳೆ. ಅವಳ ದನಿ ಅಡಗುತ್ತಿದ್ದಂತೆ ಆಲ್ಬಂನ ಮೊದಲ ಹಾಡಿನ ತುಣುಕೊಂದು ಮತ್ತೆ ಎದ್ದು ಬರುತ್ತದೆ. ಅದು ಬೇಕಿರಲಿಲ್ಲ, ಪ್ಯಾಟಿಯ ದನಿಯಲ್ಲೇ ಬಿಡಬಹುದಿತ್ತು. 1997ರಲ್ಲೇ ನಿಲ್ಲಿಸಬೇಕಿತ್ತು ಎನ್ನುವ ಅಭಿಮಾನಿಗಳು ಬಹಳ ಮಂದಿ. ಆ ವಾದ ನನಗೆ ಒಪ್ಪಿಗೆಯಿಲ್ಲ. ನಿಲ್ಲಿಸಿದ್ದರೆ ಇವರ ಮೊದಲ ಹತ್ತು ಆಲ್ಬಂಗಳಲ್ಲಿ ಬೆರಿ ಏನು ಮಾಡುತ್ತಿದ್ದ ಎಂಬುದು ನಮಗೆ ಸರಿಯಾಗಿ ಕೇಳಿಸುತ್ತಲೇ ಇರಲಿಲ್ಲ. 2024ರ ಜೂನ್‌ನಲ್ಲಿ ನ್ಯೂಯಾರ್ಕಿನ ಗೀತರಚನಕಾರರ ಗೌರವಸಭೆಗೆ (ಸಾಂಗ್‌ರೈಟರ್ಸ್ ಹಾಲ್ ಆಫ್ ಫೇಮ್) ಆರ್.ಇ.ಎಂ. ಅನ್ನು ಸೇರಿಸಿದಾಗ ಹೆಸರು ಕೂಗಿದ್ದು ನಾಲ್ವರದ್ದೂ, ವೇದಿಕೆಯ ಮೇಲೆ ‘ಲೂಸಿಂಗ್ ಮೈ ರಿಲಿಜನ್’ ನುಡಿಸಿದ್ದೂ ಬೆರಿ ಸೇರಿದಂತೆ ಆ ನಾಲ್ವರೇ.