14 ತಂಡಗಳ ರಿಚ್ ಹಿಲ್ ಮತ್ತು ನನ್ನ ಕಾಂಟ್ರಾಕ್ಟ್ ಕೆಲಸ

ಬಾಸ್ಟನ್ ಸುತ್ತಮುತ್ತಲಿನ ಕಂಪನಿಗಳಲ್ಲಿ ನಾನು ಡೇಟಾಬೇಸ್ ಕೆಲಸ ಮಾಡುತ್ತೇನೆ, ಎಲ್ಲವೂ ಕಾಂಟ್ರಾಕ್ಟ್ ಮೇಲೆ. ಬಜೆಟ್ ಮುಗಿದ ದಿನ ಬ್ಯಾಡ್ಜ್, ಲ್ಯಾಪ್‌ಟಾಪ್ ವಾಪಸ್ ಕೊಟ್ಟು ಮುಂದಿನ ಕಡೆ ಹೊರಡಬೇಕು. ಪ್ರತಿ ಇಂಟರ್‌ವ್ಯೂನಲ್ಲೂ ಅದೇ ಪ್ರಶ್ನೆ: "ಯಾಕೆ ಇಷ್ಟೊಂದು ಕಂಪನಿ?" ಇದಕ್ಕೆ ಧೈರ್ಯವಾಗಿ ಉತ್ತರ ಕೊಡಲು ನನಗೆ ಕಲಿಸಿದ್ದು ಇದೇ ಊರಿನ ಬೇಸ್‌ಬಾಲ್ ಆಟಗಾರ ರಿಚ್ ಹಿಲ್.

ಹಿಲ್ ಎಡಗೈ ಪಿಚರ್, ಅಂದರೆ ಬ್ಯಾಟ್ ಹಿಡಿದವರಿಗೆ ಚೆಂಡು ಎಸೆಯುವವರು. 1980ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿ, ಪಕ್ಕದ ಮಿಲ್ಟನ್‌ನಲ್ಲಿ ಬೆಳೆದವರು. 2005ರಲ್ಲಿ ಶಿಕಾಗೋ ಕಬ್ಸ್ ತಂಡದ ಮೂಲಕ ಅಮೆರಿಕದ ಅತಿ ಮೇಲಿನ ಬೇಸ್‌ಬಾಲ್ ಹಂತವಾದ ಮೇಜರ್ ಲೀಗ್‌ಗೆ ಬಂದರು. 2007ರಲ್ಲಿ 11 ಗೆಲುವು, 183 ಸ್ಟ್ರೈಕ್‌ಔಟ್ (ಚೆಂಡು ಹೊಡೆಯಲಾಗದೆ ಬ್ಯಾಟರ್ ಔಟಾಗುವುದು). ಮರುವರ್ಷವೇ ಚೆಂಡಿನ ಮೇಲಿನ ಹಿಡಿತ ತಪ್ಪಿತು. 2009ರಲ್ಲಿ ಭುಜದ ಆಪರೇಷನ್, 2011ರಲ್ಲಿ ಮೊಣಕೈ ಆಪರೇಷನ್. ಬಾಲ್ಟಿಮೋರ್, ಬಾಸ್ಟನ್, ಕ್ಲೀವ್‌ಲ್ಯಾಂಡ್, ಏಂಜಲ್ಸ್, ಯಾಂಕೀಸ್ ಎಂದು ಊರೂರು ತಿರುಗಿದರು.

ಅಲ್ಲಿನ ಕರಾರು ನಮ್ಮದಕ್ಕಿಂತ ಬಿಗಿ. ತಂಡದ 40 ಜನರ ಪಟ್ಟಿಯಿಂದ ಹೆಸರು ತೆಗೆದರೆ, ತಂಡಕ್ಕೆ ಸಿಗುವುದು ಏಳು ದಿನ. ಅಷ್ಟರಲ್ಲಿ ಬೇರೆ ತಂಡಕ್ಕೆ ಕೊಡಬೇಕು, ಕೆಳಗಿನ ಲೀಗ್‌ಗೆ ಕಳಿಸಬೇಕು, ಇಲ್ಲವೇ ಬಿಟ್ಟುಬಿಡಬೇಕು. ಕೆಲಸ ಹೋದ ಮೇಲೆ ಎಚ್-1ಬಿ ವೀಸಾದಲ್ಲಿ ಹೊಸ ಕೆಲಸ ಹುಡುಕಲು ಸಿಗುವ 60 ದಿನಗಳನ್ನು ಎಣಿಸಿದವರಿಗೆ ಆ ಏಳು ದಿನ ಹೇಗಿರುತ್ತವೆಂದು ಬಿಡಿಸಿ ಹೇಳಬೇಕಿಲ್ಲ.

2015ರಲ್ಲಿ ಹಿಲ್‌ಗೆ 35 ವರ್ಷ. ವಾಷಿಂಗ್ಟನ್‌ನ ಕೈಕೆಳಗಿನ ತಂಡದಿಂದಲೂ ಹೊರಬಿದ್ದು, ಯಾವ ಮೇಜರ್ ಲೀಗ್ ತಂಡಕ್ಕೂ ಸೇರದ ಲಾಂಗ್ ಐಲ್ಯಾಂಡ್ ಡಕ್ಸ್ ಪರ ಆಡಿದರು. ಆಗಸ್ಟ್‌ನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ಕರೆದು ಕೆಳಗಿನ ಲೀಗ್‌ನ ತಮ್ಮ ಪಾಟಕೆಟ್ ತಂಡಕ್ಕೆ ಹಾಕಿತು. ಅಲ್ಲಿ ಬ್ರಯಾನ್ ಬ್ಯಾನಿಸ್ಟರ್ ಸಿಕ್ಕರು. ಹಿಂದೆ ತಾವೂ ಪಿಚರ್ ಆಗಿದ್ದವರು, ಆಗ ಅಂಕಿಅಂಶ ನೋಡುವ ಕೆಲಸದಲ್ಲಿದ್ದರು. ನಿಮ್ಮ ಕರ್ವ್‌ಬಾಲ್ ಅಪರೂಪದ್ದು, ಅದನ್ನೇ ಜಾಸ್ತಿ ಹಾಕಿ ಎನ್ನುವುದು ಅವರ ಮಾತಿನ ಸಾರ.

ಇದು ಸಣ್ಣ ಮಾತಲ್ಲ. ಫಾಸ್ಟ್‌ಬಾಲ್ ಮೊದಲು, ಉಳಿದದ್ದು ಆಮೇಲೆ ಎಂದೇ ಪಿಚರ್‌ಗಳಿಗೆ ಹೇಳಿಕೊಡುತ್ತಾರೆ. ಹಿಲ್ ಅವರ ಫಾಸ್ಟ್‌ಬಾಲ್ ಗಂಟೆಗೆ 145 ಕಿ.ಮೀ. ಆಸುಪಾಸು, ಮೇಜರ್ ಲೀಗ್‌ನಲ್ಲಿ ಅದು ನಿಧಾನವೇ. ಕರ್ವ್‌ಬಾಲ್ ಕಥೆ ಬೇರೆ. ಲೆಗ್ ಸ್ಪಿನ್ನರ್ ಹಾಕುವ ಟಾಪ್ ಸ್ಪಿನ್ ಗಾಳಿಯಲ್ಲೇ ದಬಕ್ಕನೆ ಇಳಿಯುತ್ತದಲ್ಲ, ಹಾಗೆ ಅದು ಬ್ಯಾಟಿನ ಕೆಳಗೆ ಜಾರುತ್ತದೆ. ನೆಲಕ್ಕೆ ಪುಟಿಯುವ ಮಾತೇ ಇಲ್ಲ. ಹಿಲ್ ಅದನ್ನೇ ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ, ಕೈ ಕೋನ ಬದಲಿಸಿ ಹಾಕತೊಡಗಿದರು. ಸೆಪ್ಟೆಂಬರ್ 13ರಂದು ಟ್ಯಾಂಪಾ ಬೇ ವಿರುದ್ಧ ಪಂದ್ಯದ ಒಂಬತ್ತರಲ್ಲಿ 7 ಇನಿಂಗ್ಸ್, ಕೊಟ್ಟದ್ದು ಒಂದೇ ಹಿಟ್ (ಹೊಡೆದು ಬೇಸ್ ತಲುಪುವುದು), 10 ಸ್ಟ್ರೈಕ್‌ಔಟ್. 2016ಕ್ಕೆ ಓಕ್ಲೆಂಡ್ 60 ಲಕ್ಷ ಡಾಲರ್ ಕೊಟ್ಟಿತು. ಆ ವರ್ಷದ ಕೊನೆಗೆ ಡಾಡ್ಜರ್ಸ್ ಮೂರು ವರ್ಷಕ್ಕೆ 4.8 ಕೋಟಿ ಡಾಲರ್‌ಗೆ ಸಹಿ ಹಾಕಿಸಿತು.

ನನ್ನ ಕೈಯಲ್ಲೂ ಅಂಥದ್ದೊಂದು ಇದೆ: ನಿಧಾನವಾದ ಕ್ವೆರಿಯನ್ನು, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆಯನ್ನು, ಹಿಡಿಯುವುದು. ಹೊಸ ಜಾಗದಲ್ಲಿ ಮೊದಲ ವಾರವೇ, ಹಿಂದಿನ ರಾತ್ರಿ ಜಾಸ್ತಿ ಹೊತ್ತು ತಿಂದ ಕ್ವೆರಿಯನ್ನು ಕೇಳಿ ಪಡೆದು ಅದರ ಎಕ್ಸಿಕ್ಯೂಷನ್ ಪ್ಲಾನ್ (ಡೇಟಾಬೇಸ್ ಅದನ್ನು ಯಾವ ಹೆಜ್ಜೆಗಳಲ್ಲಿ ನಡೆಸಿತು ಎಂಬ ವಿವರ) ಓದುತ್ತೇನೆ. ಹತ್ತು ಸಾಲು ಬರಬಹುದೆಂದು ಡೇಟಾಬೇಸ್ ಅಂದಾಜು ಮಾಡಿರುತ್ತದೆ, ನಿಜವಾಗಿ ಬಂದಿರುವುದು ಲಕ್ಷಗಟ್ಟಲೆ. ಆ ಎರಡು ಅಂಕಿ ಯಾವ ಹೆಜ್ಜೆಯಲ್ಲಿ ಬೇರೆಯಾದವು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಎಷ್ಟೋ ಸಲ ಆ ಅಂದಾಜಿಗೆ ಆಧಾರವಾದ, ಟೇಬಲ್‌ನ ಸ್ಟ್ಯಾಟಿಸ್ಟಿಕ್ಸ್ ಹಳೆಯದಾಗಿರುತ್ತದೆ, ಅಷ್ಟೇ. ಅದನ್ನು ಅಪ್‌ಡೇಟ್ ಮಾಡಿದರೆ ಬೆಳಗಿನ ರಿಪೋರ್ಟ್ ಹೊತ್ತಿಗೆ ಸರಿಯಾಗಿ ಬರುತ್ತದೆ, ಟೀಮ್‌ಗೆ ನನ್ನ ಮೇಲೆ ನಂಬಿಕೆ ಬರುತ್ತದೆ.

2025ರ ಜುಲೈನಲ್ಲಿ, 45ನೇ ವಯಸ್ಸಿನಲ್ಲಿ, ಹಿಲ್ ಕಾನ್ಸಾಸ್ ಸಿಟಿ ರಾಯಲ್ಸ್ ಪರ ಆಡಿದರು. ಅದು ಅವರ 14ನೇ ತಂಡ. ಅತಿ ಹೆಚ್ಚು ತಂಡಗಳಿಗೆ ಆಡಿದವರೆಂದು ಇನ್ನೊಬ್ಬ ಪಿಚರ್ ಎಡ್ವಿನ್ ಜಾಕ್ಸನ್ ಹೆಸರಲ್ಲಿದ್ದ ದಾಖಲೆಗೆ ಸಮ. ಆ ಪಂದ್ಯ ನಡೆದದ್ದು ಶಿಕಾಗೋದಲ್ಲಿ, ಎದುರಾಳಿ ಅದೇ ಕಬ್ಸ್. ಎರಡು ಪಂದ್ಯ ಆಡಿಸಿ ರಾಯಲ್ಸ್ ಅವರನ್ನು ಪಟ್ಟಿಯಿಂದ ತೆಗೆಯಿತು. ಆ 14ನ್ನು ಕೆಲವರು ಎಲ್ಲೂ ನಿಲ್ಲದವರ ಲೆಕ್ಕ ಎನ್ನಬಹುದು. ಅಷ್ಟು ತಂಡಗಳಿಗೆ ಅವರು ಬೇಕಾದರು ಎಂದೇ ನಾನು ಓದುತ್ತೇನೆ. ಇಂಟರ್‌ವ್ಯೂನಲ್ಲೂ ಹಾಗೇ ಹೇಳುತ್ತೇನೆ: ಇಂಥ ಕಡೆ ಇಂಥ ತೊಂದರೆ ಇತ್ತು, ಕರೆದರು, ಸರಿಮಾಡಿ ಬಂದೆ.

ಮೊನ್ನೆ ಕನ್ನಡ ಕೂಟದ ಕಾರ್ಯಕ್ರಮದಲ್ಲಿ ಒಬ್ಬ ಹುಡುಗ ತನ್ನ ರೆಸ್ಯೂಮೆ ತೋರಿಸಿದ. ತುಂಬಾ ಟೂಲ್‌ಗಳ ಹೆಸರು. ಅವನು ನಿಜವಾಗಿ ಗಟ್ಟಿಯಾಗಿರುವ ಡೇಟಾ ಮೈಗ್ರೇಷನ್ ಎರಡನೇ ಪುಟದಲ್ಲಿತ್ತು. "ಇದನ್ನ ಮೇಲೆ ತಗೊಂಡು ಬಾಪ್ಪಾ" ಎಂದೆ. "ಉಳಿದಿದ್ದು ತೆಗೆದ್ರೆ ಖಾಲಿ ಕಾಣಲ್ವಾ ಅಕ್ಕಾ?" ಎಂದು ಕೇಳಿದ. ಒಂದೊಂದು ಮೈಗ್ರೇಷನ್‌ನಲ್ಲೂ ಎಷ್ಟು ಡೇಟಾ ಸಾಗಿಸಿದೆ, ಸಿಸ್ಟಮ್ ಎಷ್ಟು ಹೊತ್ತು ನಿಲ್ಲಿಸಬೇಕಾಯಿತು ಎಂದು ಬರೆದರೆ ಪುಟ ತಾನಾಗಿ ತುಂಬುತ್ತದೆ ಎಂದು ಹೇಳಿ, ಅಲ್ಲೇ ಕೂತು ಮೊದಲನೆಯದನ್ನು ಇಬ್ಬರೂ ಬರೆದೆವು.