ಎತ್ತಿನ ಆಟವನ್ನು ಯಾಕೆ ಅಚ್ಚು ಹಾಕಿಸಲಿಲ್ಲ?

ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ನಡೆಯುವ ಹಿಸ್ಟಾರಿಕಾನ್ ಎಂಬ ಯುದ್ಧದಾಟಗಳ ಸಮಾವೇಶದಲ್ಲಿ ನಾನು ಹಲವು ಬೇಸಿಗೆಗಳಲ್ಲಿ ನಡೆಸಿದ ‘ದಂಡಿನ ಎತ್ತು’ ಎಂಬ ಆಟದ ಮಾತು ಬಂದಾಗಲೆಲ್ಲ, ಅದನ್ನು ಆಡಿದವರೂ ಆಡಿದವರಿಂದ ಕೇಳಿ ತಿಳಿದವರೂ ಕೊನೆಗೆ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಮೇಜಿನ ಸುತ್ತ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಆಟವನ್ನು ನಿಯಮಪುಸ್ತಕವಾಗಿ ಯಾಕೆ ಅಚ್ಚು ಹಾಕಿಸಲಿಲ್ಲ? ಆಟ ನಡೆಸುವುದನ್ನು ನಿಲ್ಲಿಸಿ ಕೆಲವು ವರ್ಷಗಳಾದ ಮೇಲೂ ಈ ಪ್ರಶ್ನೆ ನಿಂತಿಲ್ಲವಾದ್ದರಿಂದ ಉತ್ತರವನ್ನು ಒಂದು ಕಡೆ ಬರೆದಿಡುತ್ತಿದ್ದೇನೆ.

ಇಂಥ ಆಟಗಳ ಪರಿಚಯವಿಲ್ಲದವರಿಗಾಗಿ ಎರಡು ಮಾತು. ದೊಡ್ಡ ಮೇಜಿನ ಮೇಲೆ ಬೆಟ್ಟ, ಹೊಳೆ, ಹೊಲಗಳನ್ನು ಹೂಡಿ, ಹೆಬ್ಬೆರಳಿಗಿಂತ ಚಿಕ್ಕ ಬೊಂಬೆಗಳನ್ನು ಅಳತೆಪಟ್ಟಿ ಹಿಡಿದು ನಡೆಸುತ್ತ, ದಾಳ ಹಾಕಿ ಜಯಾಪಜಯ ತೀರ್ಮಾನಿಸುವುದು ಮಿನಿಯೇಚರ್ ಯುದ್ಧದಾಟ. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರ ಆಟಕ್ಕೆ ನಿಯಮ ಬರೆದು ಪ್ರಕಟಿಸಿದ ಮೇಲೆ ಇದು ಮನೆಮನೆಯ ಹವ್ಯಾಸವಾಗುವ ದಾರಿ ತೆರೆಯಿತು. ಸಮಾವೇಶದಲ್ಲಿ ಆಟ ನಡೆಸುವವರೇ ನೆಲ, ಬೊಂಬೆ, ದಾಳ, ನಿಯಮದ ಹಾಳೆ ಎಲ್ಲವನ್ನೂ ಮನೆಯಿಂದ ಹೊತ್ತು ತರಬೇಕು. ಆಡಲು ಬರುವವರು ಹೆಸರು ನೋಂದಾಯಿಸಿ, ಬಹುಪಾಲು ಏನೂ ತಿಳಿಯದೆ ಬಂದು ಕೂರುತ್ತಾರೆ. ನಾಲ್ಕು ಗಂಟೆಯೊಳಗೆ ಅವರಿಗೆ ಆಟ ಕಲಿಸಿ, ಆಡಿಸಿ, ಮುಗಿಸಿ, ಮುಂದಿನವರಿಗೆ ಮೇಜು ಬಿಟ್ಟುಕೊಡಬೇಕು.

ಅಲ್ಲಿ ವಾಟರ್‌ಲೂ, ಗೆಟಿಸ್‌ಬರ್ಗ್‌ನಂಥ ಹೆಸರಾಂತ ಕದನಗಳಿಗೆ ಕೊರತೆಯಿಲ್ಲ. ನಾನು ಆರಿಸಿಕೊಂಡದ್ದು 1791ರ ಮೇ ತಿಂಗಳ ಮಂಡ್ಯ ಸೀಮೆ. ಆರಿಸಿಕೊಳ್ಳಲು ಕಾರಣ ಕಾರ್ನ್‌ವಾಲಿಸ್. ಅಮೆರಿಕನ್ನರಿಗೆ ಆತ 1781ರಲ್ಲಿ ಯಾರ್ಕ್‌ಟೌನಿನಲ್ಲಿ ಶರಣಾದ ಸೇನಾಪತಿ. ಪೆನ್ಸಿಲ್ವೇನಿಯಾದವರಿಗಂತೂ ಇನ್ನೂ ಹತ್ತಿರದವನು, ಏಕೆಂದರೆ 1777ರ ಸೆಪ್ಟೆಂಬರಿನಲ್ಲಿ ಬ್ರಾಂಡಿವೈನ್ ಹೊಳೆಯ ಬಳಿ ವಾಷಿಂಗ್ಟನ್ನನ ಸೇನೆಯನ್ನು ಸುತ್ತಿ ಬಳಸಿ ಬಂದ ದಂಡು ಇವನದು, ಅದಾದ ಮೇಲೆ ಫಿಲಡೆಲ್ಫಿಯಾ ಬಿಟ್ಟು ಹೊರಟ ಅಮೆರಿಕನ್ ಕಾಂಗ್ರೆಸ್ಸು ಒಂದು ದಿನದ ಮಟ್ಟಿಗೆ ಸಭೆ ಸೇರಿದ್ದು ಇದೇ ಲ್ಯಾಂಕಾಸ್ಟರ್‌ನಲ್ಲಿ. ಯಾರ್ಕ್‌ಟೌನಿನ ನಂತರ ಅವನ ಕಥೆ ಏನಾಯಿತೆಂಬುದು ಅಲ್ಲಿ ಬಹಳ ಜನಕ್ಕೆ ಗೊತ್ತಿರಲಿಲ್ಲ. ಹತ್ತು ವರ್ಷ ಕಳೆದು ಅದೇ ಮನುಷ್ಯ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಜನರಲ್ ಆಗಿ ಮೊಗಿಲಿ ಘಟ್ಟ ಹತ್ತಿ, ಕೋಲಾರ, ಹೊಸಕೋಟೆ ದಾಟಿ, ಮಾರ್ಚ್ 21ರಂದು ಬೆಂಗಳೂರು ಕೋಟೆ ಹಿಡಿದು, ಶ್ರೀರಂಗಪಟ್ಟಣದ ಕಡೆ ನಡೆದ ಎಂದೂ, ಮೇ 15ರಂದು ಅರಕೆರೆಯ ಬಳಿ ಟಿಪ್ಪುವಿನ ಸೇನೆಯ ಮೇಲೆ ಗೆದ್ದೂ ಕೋಟೆಗೆ ಮುತ್ತಿಗೆ ಹಾಕಲಾಗದೆ ಹಿಂದಿರುಗಿದ ಎಂದೂ ಹೇಳಿದರೆ ಎಲ್ಲರೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು.

ಗೆದ್ದವನು ಹಿಂದಿರುಗಿದ್ದು ಎತ್ತುಗಳಿಂದಾಗಿ. ಮಳೆ, ಮೇವಿನ ಅಭಾವ, ರೋಗ ಸೇರಿ ತೋಪು ಎಳೆಯುವ ಎತ್ತುಗಳು ಸಾಲುಸಾಲಾಗಿ ಬಿದ್ದವು. ಕೊನೆಗೆ ಸಿಪಾಯಿಗಳೇ ಹಗ್ಗ ಹಿಡಿದು ಎಳೆದರೂ ಸಾಗದೆ, ಕನ್ನಂಬಾಡಿಯ ಬಳಿ ಕಾರ್ನ್‌ವಾಲಿಸ್ ತನ್ನ ಮುತ್ತಿಗೆಯ ದೊಡ್ಡ ತೋಪುಗಳನ್ನು ತಾನೇ ಒಡೆಸಿ ಹಾಕಬೇಕಾಯಿತು. (ಆ ಹಳೆಯ ಕನ್ನಂಬಾಡಿ ಈಗ ಕೃಷ್ಣರಾಜಸಾಗರದ ಹಿನ್ನೀರಿನೊಳಗಿದೆ.) ಅವನು ಬೆಂಗಳೂರಿನ ಕಡೆ ತಿರುಗಿದ ಮೇಲೆ ಅವನ ಮಿತ್ರರಾದ ಮರಾಠರ ದಂಡು ಬಂದು ಸೇರಿತು. ಅದರ ಹಿಂದೆ ಬಂದ ಬಜಾರಿನಲ್ಲಿ ಅಕ್ಕಿ ಬೇಳೆ ಮೊದಲುಗೊಂಡು ಬೇಕಾದ್ದೆಲ್ಲ ಸಿಗುತ್ತಿತ್ತು, ಬೆಲೆ ಮಾತ್ರ ವರ್ತಕರು ಹೇಳಿದ್ದೇ. ಮೈಸೂರಿನ ಕಡೆಗೋ ಅಮೃತಮಹಲ್ ಎತ್ತುಗಳಿದ್ದವು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಈ ಹೆಸರು ಪಡೆಯಿತು. ಈ ತಳಿಯ ಬಲದಿಂದ ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದನೆಂದು ಮೈಸೂರು ಗೆಜೆಟಿಯರ್ ಹೇಳುತ್ತದೆ.

ಹೀಗೆ ನನ್ನ ಆಟದಲ್ಲಿ ಸೇನಾಪತಿಗಳಿಗೆ ಜಾಗವಿರಲಿಲ್ಲ. ಆಡುವವರು ಕಂಪನಿಯ ಸರಬರಾಜು ಅಧಿಕಾರಿ, ತೋಪುಗಳನ್ನು ಹಿಂದಿನಿಂದ ಹಣೆಯೊತ್ತಿ ತಳ್ಳುವ ಆನೆಗಳ ಮಾವುತ, ದವಸ ಹೊತ್ತ ಎತ್ತುಗಳ ಲಂಬಾಣಿ ನಾಯಕ, ಮರಾಠಾ ಬಜಾರಿನ ವರ್ತಕ, ಹೊಂಚು ಹಾಕುವ ಮೈಸೂರು ಸವಾರರ ಜಮಾದಾರ. ಕದನ ಮೇಜಿನ ಅಂಚಿನಾಚೆ ಎಲ್ಲೋ ನಡೆಯುತ್ತಿದೆ ಎಂದು ಭಾವಿಸಿಕೊಳ್ಳಬೇಕು. ನಮ್ಮ ಮುಂದೆ ಇರುವುದು ದಾರಿ, ಹೊಳೆ, ಮಳೆ ಮತ್ತು ಎತ್ತು.

ಎತ್ತುಗಳನ್ನು ಮಾಡಿದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳುವ ಆಸೆ ನನಗಿದೆ, ಏಕೆಂದರೆ ಆಟದ ಅರ್ಧ ಜೀವ ಅದರಲ್ಲಿತ್ತು. ಆಟಿಕೆ ಅಂಗಡಿಯಲ್ಲಿ ಚೀಲದ ಲೆಕ್ಕದಲ್ಲಿ ಸಿಗುವ ಪ್ಲಾಸ್ಟಿಕ್ ಹಸುಗಳು ಯೂರೋಪಿನ ತಳಿಯವು, ಬೆನ್ನು ಚಪ್ಪಟೆ, ಕೊಂಬು ಗಿಡ್ಡ. ಅವುಗಳ ಕೊಂಬನ್ನು ಬ್ಲೇಡಿನಿಂದ ಸವರಿ ತೆಗೆದು, ನೆತ್ತಿಯಲ್ಲಿ ಸೂಜಿಯಿಂದ ಎರಡು ತೂತು ಮಾಡಿ, ಗಿಟಾರಿನ ತಂತಿಯ ತುಂಡುಗಳನ್ನು ಸಿಕ್ಕಿಸುತ್ತಿದ್ದೆ. ಅಮೃತಮಹಲ್ ಎತ್ತಿನ ಕೊಂಬುಗಳು ಬುಡದಲ್ಲಿ ಒಂದಕ್ಕೊಂದು ಹತ್ತಿರವಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮೊನಚಾಗಿ ಮೇಲೇಳುತ್ತವೆ. ಆ ಬಾಗು ಬರುವತನಕ ತಂತಿಯನ್ನು ಇಕ್ಕಳದಲ್ಲಿ ಹಿಡಿದು ತಿದ್ದಬೇಕು. ಡುಬ್ಬಕ್ಕೆ, ನಮ್ಮೂರಲ್ಲಿ ಎಂ-ಸೀಲ್ ಎಂದು ಸಿಗುವಂಥ ಪುಟ್ಟಿ. ಗಾಡಿಗಳಿಗೆ ಐಸ್‌ಕ್ರೀಮಿನ ಕಡ್ಡಿ, ಚಕ್ರಕ್ಕೆ ಕೋಟಿನ ಗುಂಡಿ, ಮಾಗಿದ ರಾಗಿ ಹೊಲಕ್ಕೆ ಕತ್ತರಿಸಿದ ತೆಂಗಿನ ನಾರಿನ ಕಾಲೊರಸು. ಮೈಸೂರಿನ ಎತ್ತು ಯಾವುದು, ಕಂಪನಿಯದು ಯಾವುದು ಎಂದು ಮೇಜಿನ ಆಚೆ ತುದಿಯಿಂದಲೂ ಕೊಂಬು ನೋಡಿಯೇ ತಿಳಿಯುತ್ತಿತ್ತು.

ನಿಯಮಗಳು ಒಂದು ಹಾಳೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದವು. ಪ್ರತಿ ಜೋಡಿ ಎತ್ತಿಗೂ ಅಪ್ಪಣೆ ಕೊಟ್ಟಾಗ ಒಂದು ದಾಳ ಹಾಕಬೇಕು. ಒಂದು ಬಿದ್ದರೆ ಎತ್ತು ನೊಗ ಹೊತ್ತಲ್ಲೇ ಮಲಗುತ್ತದೆ, ಅದರ ಹಿಂದಿನ ಗಾಡಿಗಳೆಲ್ಲ ನಿಲ್ಲುತ್ತವೆ. ಎಬ್ಬಿಸಲು ಮೂರು ದಾರಿ. ಬಾರುಕೋಲು ಬೀಸಬಹುದು, ಬೇಗ ಏಳುತ್ತದೆ, ಆದರೆ ಮುಂದಿನ ಸಲ ಎರಡು ಬಿದ್ದರೂ ಮಲಗುತ್ತದೆ. ಕಾದು ನೋಡಬಹುದು, ಹೊತ್ತು ಹೋಗುತ್ತದೆ. ಇಲ್ಲವೇ ಗಾಡಿಯಲ್ಲಿರುವ ಹುರುಳಿ ಮೂಟೆಯೊಂದನ್ನು ಬಿಚ್ಚಿ ತಿನ್ನಿಸಬಹುದು, ಎತ್ತು ಸಂತೋಷವಾಗಿ ನಡೆಯುತ್ತದೆ. ಆಟದ ಕೊನೆಯಲ್ಲಿ ಲೆಕ್ಕಕ್ಕೆ ಬರುವುದು ಗುರಿ ಮುಟ್ಟಿಸಿದ ಮೂಟೆಗಳು ಮಾತ್ರ. ಇಡೀ ಆಟದ ಹುರುಳು ಇಷ್ಟೇ: ದವಸ ಸಾಗಿಸುವ ಪ್ರಾಣಿ ಅದೇ ದವಸವನ್ನು ತಿನ್ನುತ್ತದೆ. ರೈಲು ಬರುವ ತನಕ ಜಗತ್ತಿನ ಎಲ್ಲ ದಂಡುಗಳೂ ಈ ಲೆಕ್ಕದೊಳಗೇ ಒದ್ದಾಡಿದವು. ಒಂದು ತಾಸು ಆಡಿದವರಿಗೆ ಅದು ಕೈಬೆರಳಿಗೇ ಅರ್ಥವಾಗುತ್ತಿತ್ತು.

ಗಮನಿಸಬೇಕಾದದ್ದೇನೆಂದರೆ, ಹಾಳೆಯ ಮೇಲೆ ನಗೆ ಹುಟ್ಟಿಸುವ ಸಾಲು ಒಂದೂ ಇರಲಿಲ್ಲ. ಸಮಾವೇಶದ ಕಾರ್ಯಕ್ರಮಪಟ್ಟಿಯಲ್ಲೂ ‘ಹಾಸ್ಯದ ಆಟ’ ಎಂಬ ಮಾತನ್ನು ನಾನು ಬರೆಯಲಿಲ್ಲ. ನಗುವುದಕ್ಕೆಂದೇ ಬಂದವರು ಮೊದಲ ಅರ್ಧ ಗಂಟೆಯಲ್ಲೇ ಕುಣಿದು ದಣಿಯುತ್ತಾರೆ, ಮತ್ತೆ ಉಳಿದ ಹೊತ್ತು ಗಡಿಯಾರ ನೋಡುತ್ತಾರೆ. ಗೆಲ್ಲಲೇಬೇಕೆಂದು ಹುಬ್ಬು ಗಂಟಿಕ್ಕಿ ಯೋಜನೆ ಹಾಕುವವರು ಒಂದು ಎತ್ತಿನ ಮುಂದೆ ಕೈಚೆಲ್ಲಿದಾಗ ಬರುವ ನಗೆ ಬೇರೆ. ಅದರಲ್ಲಿ ಕೈಚೆಲ್ಲಿದವರೇ ಎಲ್ಲರಿಗಿಂತ ಮೊದಲು ನಗುತ್ತಾರೆ.

ಒಂದು ಸಂದರ್ಭ ಹೇಳುತ್ತೇನೆ. ಕಂಪನಿಯ ಮೊದಲ ತೋಪು ಹೊಳೆಯ ನಡುವೆ ಬಂದಾಗ ಮುಂದಿನ ಜೋಡಿ ನೀರಿನಲ್ಲೇ ಮಲಗಿತು. ಹಿಂದೆ ಆನೆ, ಅದರ ಹಿಂದೆ ದಂಡಿನ ಅಕ್ಕಿಯೆಲ್ಲ. ಮಾವುತನಾಗಿದ್ದವರು, ಆನೆ ತೋಪನ್ನು ಬಿಟ್ಟು ಮುಂದೆ ಹೋಗಿ ಎತ್ತನ್ನೇ ಹಣೆಯಿಂದ ತಳ್ಳಬಹುದೇ ಎಂದು ಕೇಳಿದರು. ಹಾಳೆಯಲ್ಲಿ ಅದಕ್ಕೆ ಉತ್ತರವಿಲ್ಲ. ಆನೆ ಖಂಡಿತ ತಳ್ಳುತ್ತದೆ, ಆದರೆ ಬೆನ್ನ ಹಿಂದೆ ಆನೆ ಬಂದರೆ ಎತ್ತಿಗೆ ಏನನ್ನಿಸುತ್ತದೆಂದು ದಾಳವನ್ನು ಕೇಳೋಣ ಎಂದೆ. ಆರು ಬಿತ್ತು. ಎತ್ತುಗಳು ಎದ್ದವು, ತೋಪು ಸಮೇತ ಓಡಿದವು, ಆಚೆ ದಡದ ರಾಗಿ ಹೊಲಕ್ಕೇ ನುಗ್ಗಿದವು. ಆ ಹೊಲದಲ್ಲಿ ಮೈಸೂರಿನ ಜಮಾದಾರರು ಎರಡು ತಾಸಿನಿಂದ ಉಸಿರು ಬಿಗಿಹಿಡಿದು, ಅಕ್ಕಿಯ ಗಾಡಿಗಳಿಗಾಗಿ ಹೊಂಚು ಹಾಕಿ ಕುಳಿತಿದ್ದರು. ಅವರಿಗೆ ಈಗ ಸಿಕ್ಕಿದ್ದು ಒಂದು ಮುತ್ತಿಗೆ ತೋಪು. ಬಿಟ್ಟು ಹೋಗಲು ಮನಸ್ಸಿಲ್ಲ, ಎಳೆದುಕೊಂಡು ಹೋಗೋಣವೆಂದರೆ ಎತ್ತು ಮತ್ತೆ ಮಲಗಿದೆ, ಎಬ್ಬಿಸಲು ಸವಾರರ ಬಳಿ ಹುರುಳಿಯಿಲ್ಲ. ಆಗ ವರ್ತಕನ ಪಾತ್ರದಲ್ಲಿದ್ದ ಹನ್ನೆರಡು ಹದಿಮೂರರ ಹುಡುಗಿ ತನ್ನ ಗಾಡಿಯನ್ನು ಮೆಲ್ಲನೆ ಹೊಲದ ಅಂಚಿಗೆ ತಂದು ನಿಲ್ಲಿಸಿ, ಮೂಟೆಯ ಬೆಲೆಯನ್ನು ಇಬ್ಬರಿಗೂ ಕೇಳುವಂತೆ ಕೂಗಿದಳು. ಜಮಾದಾರರು ಎಬ್ಬಿಸಲು ಕೊಂಡರು, ಕಂಪನಿಯವರು ಅವರು ಕೊಳ್ಳದಂತೆ ತಡೆಯಲು ಕೊಂಡರು. ಮೂಟೆಗಳ ಲೆಕ್ಕದಲ್ಲಿ ಅವತ್ತು ಅವಳೇ ಗೆದ್ದಳು. ಪಕ್ಕದ ಮೇಜುಗಳ ಯುದ್ಧಗಳೂ ನಿಂತು ನೋಡುತ್ತಿದ್ದವು.

ಇದಕ್ಕೆ ತೀರಾ ಬೇರೆಯಾದ ಇನ್ನೊಬ್ಬ ಆಟಗಾರರನ್ನೂ ನೆನೆಯಬೇಕು. ಸೇನೆಯ ಸಾರಿಗೆ ವಿಭಾಗದಲ್ಲಿ ಬದುಕು ಕಳೆದು ನಿವೃತ್ತರಾದವರು. ಅವರು ಮೊದಲ ಸುತ್ತಿನಿಂದಲೇ ತಮ್ಮ ಗಾಡಿಗಳ ನಡುವೆ ಒಂದು ಗೇಣು ಜಾಗ ಬಿಟ್ಟು, ಅರ್ಧ ಮೂಟೆಗಳನ್ನು ತಿನ್ನಿಸಲೆಂದೇ ಎತ್ತಿಟ್ಟು ಹೊರಟರು. ಒಂದು ಎತ್ತು ಮಲಗಿದರೆ ಉಳಿದವು ಬಳಸಿಕೊಂಡು ಮುಂದೆ ಹೋದವು. ಆಟ ಮುಗಿದ ಮೇಲೂ ನಿಂತು ಎತ್ತು ದಿನಕ್ಕೆ ಎಷ್ಟು ತಿನ್ನುತ್ತದೆ, ಎಷ್ಟು ಹೊರುತ್ತದೆ ಎಂದು ಕೇಳಿ ಬರೆದುಕೊಂಡು ಹೋದರು.

ಈಗ ಪ್ರಶ್ನೆಗೆ ಬರುತ್ತೇನೆ. ಹೊಳೆಯ ನಡುವಿನ ಆ ಆನೆಯ ಪ್ರಶ್ನೆಗೆ ಉತ್ತರ ಕೊಟ್ಟದ್ದು ಹಾಳೆಯಲ್ಲ, ಮೇಜಿನ ತುದಿಯಲ್ಲಿ ನಿಂತ ತೀರ್ಪುಗಾರ. ಯುದ್ಧದಾಟದ ಚರಿತ್ರೆಯಲ್ಲಿ ಇದು ಹಳೆಯ ಜಗಳ. ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಸ್ 1824ರಲ್ಲಿ ಪ್ರಕಟಿಸಿದ ಕ್ರೀಗ್‌ಶ್ಪೀಲ್ ಆಟದಲ್ಲಿ ನಷ್ಟ, ಚಲನೆ, ಹೊತ್ತು ಪ್ರತಿಯೊಂದಕ್ಕೂ ಕೋಷ್ಟಕಗಳಿದ್ದವು. ಅರ್ಧ ಶತಮಾನ ಕಳೆದು 1876ರಲ್ಲಿ ಅದೇ ಸೇನೆಯ ಫೆರ್ದಿ ದು ವೆರ್ನ್ವಾ ಆ ಕೋಷ್ಟಕಗಳ ಭಾರ ಇಳಿಸಿ, ಅನುಭವಿ ತೀರ್ಪುಗಾರನ ವಿವೇಚನೆಗೇ ಆಟವನ್ನು ಒಪ್ಪಿಸಬೇಕೆಂದು ವಾದಿಸಿದ. ಅಮೆರಿಕದ ಮಿನೆಸೋಟಾದಲ್ಲಿ 1969ರಲ್ಲಿ ಡೇವಿಡ್ ವೆಸ್ಲಿ ಎಂಬವರು ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಪಟ್ಟಣದ ಸುತ್ತ ಆಟ ಹೂಡಿ, ಸೇನಾಪತಿಗಳ ಜೊತೆ ಪಟ್ಟಣದ ಅಧ್ಯಕ್ಷ, ಬ್ಯಾಂಕಿನವನಂಥ ಪಾತ್ರಗಳನ್ನೂ ಹಂಚಿದರು. ಎಲ್ಲವೂ ಅಸ್ತವ್ಯಸ್ತವಾಗಿ ಆಟ ಕೆಟ್ಟಿತೆಂದು ಅವರು ಭಾವಿಸಿದರೆ, ಆಡಿದವರು ಮತ್ತೆ ಬೇಕೆಂದು ಬೆನ್ನುಬಿದ್ದರು. ಪಾತ್ರ ವಹಿಸುವ ಆಟಗಳ ಮೂಲಗಳಲ್ಲಿ ಆ ಮೇಜೂ ಒಂದು. ನನ್ನ ಎತ್ತಿನ ಆಟ ಕೋಷ್ಟಕಕ್ಕಿಂತ ತೀರ್ಪುಗಾರನನ್ನು ನಂಬುವ ಈ ಎರಡನೆಯ ವಂಶದ್ದು.

ಹಾಳೆಯನ್ನಷ್ಟೇ ಪಡೆದು ಬೇರೊಬ್ಬರು ಆ ಆಟ ನಡೆಸಿದ್ದನ್ನೂ ನಾನು ನೋಡಿದ್ದೇನೆ. ಅವರ ಗಾಡಿಗಳು ನನ್ನವಕ್ಕಿಂತ ಅಂದವಾಗಿದ್ದವು. ಆದರೆ ಯಾರಾದರೂ ಅನಿರೀಕ್ಷಿತವಾದದ್ದನ್ನು ಕೇಳಿದಾಗ ಅವರು ಹಾಳೆ ನೋಡುತ್ತಿದ್ದರು, ಹಾಳೆಯಲ್ಲಿಲ್ಲದ್ದನ್ನು ಮಾಡುವಂತಿಲ್ಲ ಎನ್ನುತ್ತಿದ್ದರು. ಸ್ವಲ್ಪ ಹೊತ್ತಿಗೆ ಕೇಳುವುದೇ ನಿಂತಿತು. ಉಳಿದದ್ದು ದಾಳ ಹಾಕುವುದು, ಗಾಡಿ ಸರಿಸುವುದು. ಅದು ಅವರ ದೋಷವಲ್ಲ, ಪುಸ್ತಕದಿಂದ ಕಲಿತವರೆಲ್ಲರಿಗೂ ಹಾಗೇ ಆಗುತ್ತಿತ್ತು. ನಾನು ಹಾಳೆಯನ್ನು ನೂರು ಪುಟಕ್ಕೆ ಬೆಳೆಸಿ ಆನೆ, ಎತ್ತು, ಹೊಳೆ ಎಲ್ಲಕ್ಕೂ ಉತ್ತರ ಬರೆದಿದ್ದರೆ ಆ ಹುಡುಗಿ ತನ್ನ ಗಾಡಿಯನ್ನು ಹೊಲದ ಅಂಚಿಗೆ ತರುವ ಮೊದಲು ಅಧ್ಯಾಯ ಹುಡುಕಬೇಕಾಗುತ್ತಿತ್ತು.

ಇನ್ನೊಂದು ಕಾರಣ ನನಗೆ ಇದಕ್ಕಿಂತಲೂ ಮುಖ್ಯವಾದದ್ದು. 1791ರ ಆ ದಂಡಿನಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಸಿಡುಬು ಬಂದಿತ್ತು, ದಂಡಿನ ಹಿಂದೆ ನಡೆದ ಬಡಜನ ಹಸಿವಿನಿಂದ ಸತ್ತರು, ದಾರಿಯ ಹಳ್ಳಿಗಳು ಬರಿದಾದವು. ಆದ್ದರಿಂದ ನನ್ನ ಮೇಜಿನಲ್ಲಿ ಎತ್ತು ಮಲಗುತ್ತಿತ್ತೇ ಹೊರತು ಸಾಯುತ್ತಿರಲಿಲ್ಲ, ಹಳ್ಳಿಯನ್ನು ಸುಡುವುದಕ್ಕೂ ದೋಚುವುದಕ್ಕೂ ದಾಳವಿರಲಿಲ್ಲ. ಆಟದ ಬಿಸಿಯಲ್ಲಿ ಯಾರಾದರೂ ಆ ಕಡೆ ವಾಲಿದರೆ, ಆಗ ನಡೆದದ್ದೇನೆಂದು ಒಂದೆರಡು ಮಾತಿನಲ್ಲಿ ಹೇಳಿ ಆಟವನ್ನು ಮತ್ತೆ ಹೊಳೆಯ ದಡಕ್ಕೆ ತರುತ್ತಿದ್ದೆ. ನಾವು ನಗುತ್ತಿದ್ದದ್ದು ಯೋಜನೆ ಹಾಕುವವರ ಭರವಸೆಯನ್ನು ನೋಡಿ, ನರಳಿದವರನ್ನು ನೋಡಿ ಅಲ್ಲ. ಈ ಗೆರೆಯನ್ನು ಎದುರಿಗಿರುವ ಮುಖ ನೋಡಿ ಎಳೆಯಬಹುದು. ಪೆಟ್ಟಿಗೆಯಲ್ಲಿ ಹಾಕಿ ಮಾರಿದ ಮೇಲೆ ಆ ಗೆರೆ ಯಾರ ಕೈಯಲ್ಲಿ ಎಲ್ಲಿಗೆ ಹೋಗುತ್ತದೋ ಹೇಳಲಾಗದು.

ಹಾಗೆಂದು ಆಟವನ್ನು ನಾನು ಬಚ್ಚಿಟ್ಟುಕೊಂಡಿಲ್ಲ. ಕೇಳಿದವರಿಗೆಲ್ಲ ಹಾಳೆ ಕೊಟ್ಟಿದ್ದೇನೆ, ಎತ್ತುಗಳನ್ನೂ ಎರವಲು ಕೊಟ್ಟಿದ್ದೇನೆ. ನನ್ನ ಷರತ್ತು ಒಂದೇ, ನಡೆಸುವ ಮೊದಲು ಒಂದು ಸಲವಾದರೂ ನನ್ನ ಪಕ್ಕದಲ್ಲಿ ನಿಂತು ತೀರ್ಪು ಹೇಳಬೇಕು. ಹಾಗೆ ನಿಂತು ಕಲಿತ ಗೆಳೆಯರೊಬ್ಬರು ಈಗ ಮಂಡ್ಯ ಸೀಮೆಯನ್ನು ಬಿಟ್ಟು ತಮ್ಮ ಊರಿನದೇ ಕಥೆಯನ್ನು ಮೇಜಿಗೇರಿಸಿದ್ದಾರೆ: 1755ರಲ್ಲಿ ಬ್ರಿಟಿಷ್ ಜನರಲ್ ಬ್ರಾಡಕ್‌ನ ದಂಡಿಗಾಗಿ ಬೆಂಜಮಿನ್ ಫ್ರಾಂಕ್ಲಿನ್ ಲ್ಯಾಂಕಾಸ್ಟರ್ ಸುತ್ತಿನ ರೈತರಿಂದ 150 ಬಂಡಿಗಳನ್ನು ಬಾಡಿಗೆಗೆ ಕೂಡಿಸಿದ ಕಥೆ. ಆ ದಂಡು ಮನಾಂಗಹೀಲಾ ನದಿಯ ಬಳಿ ಸೋತಾಗ ಬಂಡಿಯವರು ಕುದುರೆಗಳನ್ನು ಬಿಚ್ಚಿಕೊಂಡು ಹತ್ತಿ ಓಡಿಹೋದರು. ಅದಕ್ಕೆ ತಕ್ಕಂತೆ ಅವರ ಹಾಳೆಯಲ್ಲಿ, ಯಾವ ಬಂಡಿಯವನು ಯಾವಾಗ ಬೇಕಾದರೂ ಮನೆಗೆ ಹೊರಡಬಹುದು, ದಾರಿಯಲ್ಲಿ ಏನಾಗುತ್ತದೆಂದು ತೀರ್ಪುಗಾರ ಹೇಳುತ್ತಾನೆ ಎಂಬ ಒಂದು ಸಾಲಿದೆ. ನನ್ನ ಹಾಳೆಯಿಂದ ಅವರು ಉಳಿಸಿಕೊಂಡಿರುವುದು ಮೇವಿನ ನಿಯಮ ಒಂದನ್ನೇ.