ಫಾಲ್ಕನ್ ಅಮೆರಿಕದ ಕಾರು ತಾನೇ?

ಊರಿಂದ ನೆಂಟರು ಬಂದರೆ ಮೆಲ್ಬರ್ನ್ ಏರ್‌ಪೋರ್ಟಿಗೆ ನಾನು ಒಯ್ಯುವುದು ನಮ್ಮ ಹಳೆಯ ಫಾಲ್ಕನ್ ವ್ಯಾಗನ್. ಹಿಂದೆ ನಾಲ್ಕು ದೊಡ್ಡ ಸೂಟ್‌ಕೇಸ್ ಇಟ್ಟರೂ ಇನ್ನೂ ಜಾಗ ಉಳಿಯುತ್ತದೆ. ಜಿಲಾಂಗ್‌ನ ನಮ್ಮ ಮನೆಗೆ ಅಲ್ಲಿಂದ ಸುಮಾರು ಒಂದು ಗಂಟೆ ದಾರಿ. "ಇದು ಪಕ್ಕಾ ಆಸ್ಟ್ರೇಲಿಯಾದ ಕಾರು" ಅಂತ ನಾನು ಹೇಳುತ್ತೇನೆ. ಸ್ಟೇರಿಂಗ್ ಮೇಲಿನ ಗುರುತು ನೋಡಿ ಎಲ್ಲರೂ ಕೇಳುವುದು ಒಂದೇ ಮಾತು: "ಫೋರ್ಡ್ ಅಂದ್ರೆ ಅಮೆರಿಕದ್ದು ಅಲ್ವಾ? ಇದು ಹೇಗೆ ಆಸ್ಟ್ರೇಲಿಯಾದ್ದಾಯ್ತು?"

ಹೆತ್ತವಳು ದೇವಕಿ, ಸಾಕಿದವಳು ಯಶೋದೆ. ಚಿಕ್ಕದಾಗಿ ಹೇಳುವುದಾದರೆ ಇದೇ ನನ್ನ ಉತ್ತರ. ಆದರೆ ಇಲ್ಲಿ ಸಾಕಿದ ಕಥೆಯೇ ದೊಡ್ಡದು.

ಆಸ್ಟ್ರೇಲಿಯಾದಲ್ಲಿ ಫೋರ್ಡ್ ಶುರುವಾದದ್ದು 1925ರಲ್ಲಿ, ಇದೇ ಜಿಲಾಂಗ್‌ನ ಒಂದು ಉಣ್ಣೆ ಗೋದಾಮಿನಲ್ಲಿ. 1950ರ ದಶಕದಲ್ಲಿ ಇಲ್ಲಿನ ಮಾರುಕಟ್ಟೆಯಲ್ಲಿ ಹೋಲ್ಡನ್ ಅನ್ನುವ ಇನ್ನೊಂದು ಕಂಪನಿಯ ಕಾರಿನದ್ದೇ ಮೇಲುಗೈ. ಅದಕ್ಕೆ ಎದುರಾಗಿ ಇಂಗ್ಲೆಂಡಿನ ತನ್ನ ಜೆಫಿರ್ ಕಾರನ್ನೇ ಇಲ್ಲಿ ತಯಾರಿಸಬೇಕು ಅಂತ ಫೋರ್ಡ್ ಯೋಚಿಸಿತ್ತು. ಇಲ್ಲಿನ ಅಧಿಕಾರಿಗಳು ಅಮೆರಿಕಕ್ಕೆ ಹೋದಾಗ ಅಲ್ಲಿ ತಯಾರಾಗುತ್ತಿದ್ದ ಫಾಲ್ಕನ್ ಕಂಡಿತು. ಅಗಲವಾದ ಕಾರು, ಆರು ಜನ ಕೂರಬಹುದು, ನೋಡಲೂ ಹೊಸತು. ಯೋಜನೆ ಅಲ್ಲೇ ಬದಲಾಯಿತು. 1960ರ ಸೆಪ್ಟೆಂಬರಿನಲ್ಲಿ ಮೊದಲ ಆಸ್ಟ್ರೇಲಿಯನ್ ಫಾಲ್ಕನ್ ಮಾರಾಟಕ್ಕೆ ಬಂತು. ಹೆಸರು ಎಕ್ಸ್‌ಕೆ. ಮೆಲ್ಬರ್ನ್‌ನ ಉತ್ತರಕ್ಕಿರುವ ಬ್ರಾಡ್‌ಮೆಡೋಸ್‌ನ ಹೊಸ ಕಾರ್ಖಾನೆಯಲ್ಲಿ ಅದು ತಯಾರಾಗುತ್ತಿತ್ತು.

ಅಲ್ಲಿಯವರೆಗೂ ಅದು ಅಮೆರಿಕದ ಕಾರೇ, ಒಪ್ಪುತ್ತೇನೆ. ಆಮೇಲೆ ಅದು ಇಲ್ಲಿನ ರಸ್ತೆಗೆ ಇಳಿಯಿತು. ಪಟ್ಟಣ ದಾಟಿದರೆ ಆಗ ಎಲ್ಲೆಲ್ಲೂ ಮಣ್ಣಿನ ರಸ್ತೆ, ಗುಂಡಿ, ಕಲ್ಲು. ಅಮೆರಿಕದ ನುಣುಪು ಹೆದ್ದಾರಿಗೆ ಮಾಡಿದ ಮುಂದಿನ ಸಸ್ಪೆನ್ಷನ್, ಅಂದರೆ ಚಕ್ರದ ಹೊಡೆತ ತಾಳುವ ಭಾಗ, ಅದನ್ನು ತಡೆಯಲಿಲ್ಲ. ಅದರೊಳಗಿನ ಗುಂಡು ಕೀಲುಗಳು (ಬಾಲ್ ಜಾಯಿಂಟ್) ಬೇಗ ಸವೆದು ಕೈಕೊಟ್ಟವು. ಫಾಲ್ಕನ್ ಗಟ್ಟಿಯಿಲ್ಲ ಅನ್ನುವ ಮಾತು ಹಬ್ಬಿತು. ಒಮ್ಮೆ ಅಂಥ ಹೆಸರು ಬಂದರೆ ಸುಮ್ನೆ ಹೋಗುತ್ತಾ? ಎಕ್ಸ್‌ಎಲ್, ಎಕ್ಸ್‌ಎಂ ಅಂತ ಒಂದೊಂದು ಮಾದರಿಯಲ್ಲೂ ಒಂದಿಷ್ಟು ಗಟ್ಟಿ ಮಾಡುತ್ತಾ ಬಂದರು. ಆದರೂ ಜನ ನಂಬಲಿಲ್ಲ.

1965ರ ಎಕ್ಸ್‌ಪಿ ಮಾದರಿಯಲ್ಲಿ ಬಾಡಿಯ ಅಡಿಭಾಗವನ್ನೇ ಬಿಗಿಗೊಳಿಸಿದರು. ಅದನ್ನು ಜನರಿಗೆ ತೋರಿಸಿಕೊಡಲು ಒಂದು ದೊಡ್ಡ ಪಂಥ ಕಟ್ಟಿದರು. ಮೆಲ್ಬರ್ನ್ ಮತ್ತು ಜಿಲಾಂಗ್ ನಡುವೆ ಯೂ ಯಾಂಗ್ಸ್ ಅನ್ನುವ ಬೆಟ್ಟಗಳಿವೆ. ಅವುಗಳ ಬದಿಯಲ್ಲಿ ಫೋರ್ಡ್‌ನ ಪರೀಕ್ಷಾ ರಸ್ತೆ. ಐದು ಫಾಲ್ಕನ್‌ಗಳು ಅಲ್ಲಿ ಹಗಲು ರಾತ್ರಿ ಓಡಿ, ಒಟ್ಟು 70,000 ಮೈಲಿ ಮುಗಿಸಬೇಕು. ಸರಾಸರಿ ವೇಗ ಗಂಟೆಗೆ 70 ಮೈಲಿಗಿಂತ ಕಡಿಮೆ ಆಗಬಾರದು. ನಮ್ಮ ಲೆಕ್ಕದಲ್ಲಿ 1,12,000 ಕಿಲೋಮೀಟರ್, 112ರ ವೇಗದಲ್ಲಿ. ತಿರುವುಗಳ ರಸ್ತೆ ಅದು. ಕಾರುಗಳು ಪಲ್ಟಿ ಹೊಡೆದವು. ತಗಡು ಬಡಿದು ನೆಟ್ಟಗೆ ಮಾಡಿ ಮತ್ತೆ ಬಿಟ್ಟರು. ಪಂಥ ಗೆದ್ದರು. ಪತ್ರಿಕೆಗಳೆಲ್ಲ ಇದನ್ನು ಬರೆದವು. ನನ್ನ ಪ್ರಕಾರ ಫಾಲ್ಕನ್ ಆಸ್ಟ್ರೇಲಿಯಾದ ಕಾರು ಆದದ್ದು ಆ ದಿನಗಳಲ್ಲೇ.

ಅಮೆರಿಕ ತನ್ನ ಫಾಲ್ಕನ್ ಅನ್ನು 1970ರಲ್ಲಿ ಕೈಬಿಟ್ಟಿತು. ಇಲ್ಲಿ ಅದು ಇನ್ನೂ 46 ವರ್ಷ ನಡೆಯಿತು! 1972ರ ಎಕ್ಸ್‌ಎ ಹೊತ್ತಿಗೆ ವಿನ್ಯಾಸವೂ ಹೆಚ್ಚಾಗಿ ಇಲ್ಲಿಯವರದ್ದೇ ಆಗಿತ್ತು. ಬ್ಯಾಥರ್ಸ್ಟ್ ಊರಿನ ಹೆಸರಾಂತ ಕಾರ್ ರೇಸು, ಎಂಟು ಸಿಲಿಂಡರ್‌ಗಳ ವಿ8 ಎಂಜಿನ್ನಿನ ಜಿಟಿ ಫಾಲ್ಕನ್‌ಗಳ ಬಗ್ಗೆ ಇಲ್ಲಿನವರು ಗಂಟೆಗಟ್ಟಲೆ ಮಾತಾಡುತ್ತಾರೆ. ನನಗೆ ಪ್ರೀತಿ ಸಾಮಾನ್ಯ ಆರು ಸಿಲಿಂಡರ್ ಕಾರಿನ ಮೇಲೆ. 1960ರಲ್ಲಿ 2.4 ಲೀಟರ್ ಇದ್ದ ಎಂಜಿನ್ ಬೆಳೆದು ಬೆಳೆದು 4 ಲೀಟರ್ ಆಯಿತು. ಒಳಗೆ ಎಲ್ಲ ಬದಲಾದರೂ ಆರೂ ಸಿಲಿಂಡರ್ ಒಂದೇ ಸಾಲಿನಲ್ಲಿ ನಿಲ್ಲುವ ಕ್ರಮ ಕೊನೆಯವರೆಗೂ ಉಳಿಯಿತು. ಆ ಎಂಜಿನ್‌ಗಳು ತಯಾರಾಗುತ್ತಿದ್ದದ್ದು ನಮ್ಮ ಜಿಲಾಂಗ್‌ನಲ್ಲೇ. ಈ ಊರಲ್ಲಿ ಅಪ್ಪ, ಮಗ ಇಬ್ಬರೂ ಅಲ್ಲಿ ದುಡಿದ ಮನೆಗಳಿವೆ.

ಭಾರತದಿಂದ ಬಂದವರಿಗೂ ಈ ಕಾರಿಗೂ ಒಂದು ನಂಟಿದೆ. ಬಹಳ ವರ್ಷ ಇಲ್ಲಿನ ಟ್ಯಾಕ್ಸಿ ಅಂದರೆ ಹೆಚ್ಚಾಗಿ ಫಾಲ್ಕನ್ನೇ. ಗ್ಯಾಸಿನಲ್ಲಿ ಓಡುತ್ತಿತ್ತು, ಖರ್ಚು ಕಡಿಮೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದರೂ ರಿಪೇರಿ ಸುಲಭ. ಹಗಲು ಕಾಲೇಜು, ರಾತ್ರಿ ಟ್ಯಾಕ್ಸಿ ಅಂತ ಬದುಕು ಕಟ್ಟಿಕೊಂಡ ನಮ್ಮ ದೇಶದ ಎಷ್ಟೋ ಹುಡುಗರು ಆ ಸೀಟಿನಲ್ಲಿ ಕೂತಿದ್ದಾರೆ. ಅವರ ಬಾಡಿಗೆಗೆ, ಫೀಸಿಗೆ ಆ ಕಾರು ದುಡಿದಿದೆ. ಇದು ನನಗೆ ಸಣ್ಣ ವಿಷಯ ಅನ್ನಿಸುವುದಿಲ್ಲ.

"ಇಷ್ಟು ಒಳ್ಳೆ ಕಾರನ್ನ ಮತ್ಯಾಕೆ ನಿಲ್ಲಿಸಿದರು?" ಅಂತ ಆಮೇಲೆ ಕೇಳುತ್ತಾರೆ. ಹೊರಗಿನ ಕಾರುಗಳ ಮೇಲಿನ ಸುಂಕ 1980ರ ದಶಕದಲ್ಲಿ ನೂರಕ್ಕೆ 50ಕ್ಕಿಂತ ಜಾಸ್ತಿ ಇತ್ತು. 2010ರ ಹೊತ್ತಿಗೆ ಅದು 5ಕ್ಕೆ ಇಳಿದಿತ್ತು. ಜನ ಸಣ್ಣ ಕಾರು, ಎಸ್‌ಯುವಿ ಕಡೆ ಹೊರಳಿದರು. ಆಸ್ಟ್ರೇಲಿಯಾದ ಡಾಲರ್ ದುಬಾರಿಯಾಗಿ ಇಲ್ಲಿ ಮಾಡುವುದೇ ಕಷ್ಟವಾಯಿತು. 1990ರ ದಶಕದ ನಡುವೆ ವರ್ಷಕ್ಕೆ ಸುಮಾರು 80,000 ಹೋಗುತ್ತಿದ್ದ ಫಾಲ್ಕನ್, 2015ರಲ್ಲಿ 6,000 ಕೂಡ ಹೋಗಲಿಲ್ಲ. 2016ರ ಅಕ್ಟೋಬರ್ 7ರಂದು ಬ್ರಾಡ್‌ಮೆಡೋಸ್‌ನಿಂದ ಕೊನೆಯ ಕಾರು ಹೊರಬಂತು, ನೀಲಿ ಬಣ್ಣದ್ದು. ಸುಮಾರು 600 ಜನರ ಕೆಲಸ ಅವತ್ತೇ ಹೋಯಿತು. ಮರುವರ್ಷ ಟೊಯೋಟಾ, ಹೋಲ್ಡನ್ ಕಾರ್ಖಾನೆಗಳೂ ಮುಚ್ಚಿದವು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹೆದ್ದಾರಿಯ ಬಲಗಡೆ ಯೂ ಯಾಂಗ್ಸ್ ಬೆಟ್ಟ ಕಾಣುತ್ತದೆ. ನಾನು ವೇಗ ಸ್ವಲ್ಪ ತಗ್ಗಿಸಿ ತೋರಿಸುತ್ತೇನೆ. ಆ ಪರೀಕ್ಷಾ ರಸ್ತೆ ಈಗಲೂ ಇದೆ. ಥಾಯ್ಲೆಂಡಿನಲ್ಲಿ ತಯಾರಾಗಿ ಇಲ್ಲಿಗೆ ಬರುವ ಫೋರ್ಡ್ ರೇಂಜರ್ ಪಿಕಪ್ ಅನ್ನು ರೂಪಿಸಿದ್ದು ಇಲ್ಲಿನ ಎಂಜಿನಿಯರ್‌ಗಳು. ಅದನ್ನೂ ಓಡಿಸಿ ನೋಡಿದ್ದು ಆ ಬೆಟ್ಟದ ಬದಿಯಲ್ಲೇ.